ಉಸಿರಿನ ಗೇಣಿಚೀಟಿ



ವಿಜ್ಞಾನಕ್ಕೆ ಸಂಬಂಧಿಸಿದ ವಿಷಯವೊಂದನ್ನು ನೀವೇ ಆರಿಸಿಕೊಳ್ಳಿ ಎಂದು ಈ ದತ್ತಿ ಉಪನ್ಯಾಸದ ಸಂಘಟಕರು ಹೇಳಿದಾಗ ನಾನು ಬಹಳ ಹೊತ್ತು ಯೋಚಿಸಲಿಲ್ಲ. ಮೂವತ್ತು ವರ್ಷ ಫಾರ್ಮಸಿ ಕಾಲೇಜಿನಲ್ಲಿ ಪಾಠ ಹೇಳಿದವನು ನಾನು. ಅದಕ್ಕೂ ಮೊದಲು ಗೂರಲಿದ್ದ ತಾಯಿಯ ಮಗ. ಮಲೆನಾಡಿನ ಮಳೆಗಾಲದ ರಾತ್ರಿಗಳಲ್ಲಿ ಅಮ್ಮ ಮಲಗುತ್ತಿರಲಿಲ್ಲ. ಗೋಡೆಗೆ ಒರಗಿ, ತೊಡೆಯ ಮೇಲೆ ದಿಂಬಿಟ್ಟು, ಮುಂದಕ್ಕೆ ಬಾಗಿ ಕೂತಿರುತ್ತಿದ್ದಳು. ಹಂಚಿನ ಮೇಲೆ ಸುರಿಯುವ ಮಳೆಗಿಂತ ಅವಳ ಎದೆಯ ಸುಂಯ್ ಸದ್ದೇ ನನಗೆ ಇವತ್ತಿಗೂ ಚೆನ್ನಾಗಿ ನೆನಪಿರುವುದು. ಮಾತ್ರೆ ನುಂಗಿದರೆ ಉಸಿರು ಸಡಿಲವಾಗುವ ಮೊದಲೇ ಕೈ ನಡುಗುತ್ತಿತ್ತು, ಎದೆ ಡವಗುಟ್ಟುತ್ತಿತ್ತು. ಒಂದು ದಿನ ಅಪ್ಪ ಶಿವಮೊಗ್ಗದಿಂದ ಪಂಪು ತಂದರು. ಅಮ್ಮ ಎರಡು ಸಲ ಒತ್ತಿ ಎಳೆದುಕೊಂಡಳು. ಸ್ವಲ್ಪ ಹೊತ್ತಿನಲ್ಲೇ ದಿಂಬು ಪಕ್ಕಕ್ಕಿಟ್ಟು ಮಲಗಿದಳು. “ಪಂಪಿಗೆ ಬಿದ್ದರೆ ಆಮೇಲೆ ಬಿಡಿಸೋಕಾಗಲ್ಲ” ಎಂದು ಮರುದಿನ ಅಕ್ಕಪಕ್ಕದವರು ಹೆದರಿಸಿದರು. ಆ ಮಾತನ್ನು ಈಗಲೂ ಕೇಳುತ್ತೇನೆ. ಅದು ತಪ್ಪು. ಆ ಮಾತ್ರೆಯಲ್ಲಿದ್ದದ್ದೂ ಸಾಲ್‌ಬ್ಯುಟಮಾಲ್, ಪಂಪಿನಲ್ಲಿದ್ದದ್ದೂ ಅದೇ. ಮಾತ್ರೆಯಲ್ಲಿ 4 ಮಿಲಿಗ್ರಾಂ. ಎರಡು ಪಫ್‌ನಲ್ಲಿ 200 ಮೈಕ್ರೋಗ್ರಾಂ, ಅಂದರೆ ಇಪ್ಪತ್ತರಲ್ಲಿ ಒಂದು ಪಾಲು. ಹೊಟ್ಟೆಗೆ, ರಕ್ತಕ್ಕೆ, ಮೈಗೆಲ್ಲ ಸುತ್ತು ಹಾಕಿ ಹೋಗಬೇಕಾದದ್ದು ನೇರವಾಗಿ ಬೇಕಾದ ಜಾಗಕ್ಕೇ ಹೋಗಿ ಮುಟ್ಟುತ್ತದೆ.

ಇಂದು ನಾನು ಮಾತಾಡಬೇಕೆಂದಿರುವುದು ಆ ಪಂಪಿನ ಹಿಂದಿರುವ ಕಾಗದದ ಬಗ್ಗೆ. ಅಂದರೆ ಕಂಪನಿ ಕಂಪನಿಗಳ ನಡುವೆ, ವಿಶ್ವವಿದ್ಯಾಲಯ ಮತ್ತು ಕಂಪನಿಗಳ ನಡುವೆ ಆಗುವ ಲೈಸೆನ್ಸ್ ಒಪ್ಪಂದಗಳು, ಪಾಲುಗಾರಿಕೆಗಳು. ವಿಷಯ ವಕೀಲರದ್ದು, ಲೆಕ್ಕಿಗರದ್ದು ಎಂದು ನಾವೆಲ್ಲ ಅದನ್ನು ಬಿಟ್ಟುಕೊಟ್ಟಿದ್ದೇವೆ. ಎಳೆದುಕೊಳ್ಳುವ ಔಷಧಗಳ ಮಟ್ಟಿಗೆ, ಯಾರು ಉಸಿರಾಡುತ್ತಾರೆ, ಯಾವಾಗ, ಎಷ್ಟು ದುಡ್ಡಿಗೆ ಎಂಬುದನ್ನು ಪ್ರಯೋಗಾಲಯಕ್ಕಿಂತ ಹೆಚ್ಚಾಗಿ ಈ ಕಾಗದಗಳೇ ತೀರ್ಮಾನಿಸುತ್ತ ಬಂದಿವೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಕಾಗದವೇ ಇಲ್ಲದ ಒಂದು ಕಾಲವಿತ್ತು. ಹದಿನೆಂಟನೆಯ ಶತಮಾನದ ಕೊನೆಯ ಹೊತ್ತಿಗೆ ಮದರಾಸಿನ ಜನ ದಮ್ಮಿಗೆ ದತ್ತೂರದ ಒಣ ಬೇರನ್ನು ಸೇದುತ್ತಿದ್ದರು. ನಾವು ಉಮ್ಮತ್ತಿ ಎನ್ನುವ ವಿಷದ ಗಿಡದ ಜಾತಿ ಅದು. ಕಂಪನಿ ಸರ್ಕಾರದ ವೈದ್ಯ ಜೇಮ್ಸ್ ಆಂಡರ್ಸನ್ ಅದನ್ನು ಕಂಡು ಬಳಸಿದರು. ಜನರಲ್ ಜೆಂಟ್ ಎಂಬ ಸೇನಾಧಿಕಾರಿ 1802ರಲ್ಲಿ ಅದನ್ನು ಬ್ರಿಟನ್ನಿಗೆ ಒಯ್ದು ಎಡಿನ್‌ಬರೋದ ವೈದ್ಯ ಸಿಮ್ಸ್ ಅವರ ಕೈಗೆ ಕೊಟ್ಟರು. ಮುಂದಿನ ನೂರು ವರ್ಷಕ್ಕೂ ಮಿಕ್ಕಿ ಯುರೋಪು, ಅಮೆರಿಕಗಳಲ್ಲಿ ದತ್ತೂರದ ಜಾತಿಯ ಎಲೆ ತುಂಬಿದ ಆಸ್ತಮಾ ಸಿಗರೇಟು ಮಾರಾಟವಾಯಿತು. ಆ ಗಿಡದ ಸತ್ವವಾದ ಅಟ್ರೋಪೀನಿನ ಕುಲದಿಂದಲೇ ಇಪ್ರಟ್ರೋಪಿಯಂ ಬಂತು. ಅದರ ತಂಗಿಯಂತಿರುವ ಟಯೋಟ್ರೋಪಿಯಂ 2002ರಲ್ಲಿ ಯುರೋಪಿನ ಮಾರುಕಟ್ಟೆಗೆ ಬಂತು. ಇವತ್ತು ನಮ್ಮ ಜಿಲ್ಲಾಸ್ಪತ್ರೆಗಳಲ್ಲಿ ಬೀಡಿ ಸೇದಿ, ಒಲೆಯ ಹೊಗೆ ಕುಡಿದು ಶ್ವಾಸಕೋಶ ಹಾಳಾದ ಹಿರಿಯರಿಗೆ ಕೊಡುವುದು ಇವನ್ನೇ. ಮದರಾಸಿನ ಆ ಜನರ ಹೆಸರು ಯಾವ ದಾಖಲೆಯಲ್ಲೂ ಇಲ್ಲ. ತಿಳಿವಳಿಕೆ ಅವರದು. ಚೀಟಿ ಬರೆದವರು ಯಾರೂ ಇರಲಿಲ್ಲ, ಬರೆಸಿಕೊಂಡವರೂ ಇರಲಿಲ್ಲ.

ಈಗ ಚೀಟಿ ಇದೆ. ಅದನ್ನು ನಮ್ಮ ಕಡೆಯ ಒಂದು ಮಾತಿನಿಂದಲೇ ಹೇಳಿದರೆ ಸುಲಭ: ಲೈಸೆನ್ಸ್ ಎಂದರೆ ಗೇಣಿ. ಜಮೀನು ಒಡೆಯನದೇ, ಉಳುವವನು ಇನ್ನೊಬ್ಬ. ಮುಂಗಡ ಇಷ್ಟು, ಪ್ರತಿ ಬೆಳೆಗೆ ಗೇಣಿ ಇಷ್ಟು, ವಾಯಿದೆ ಇಷ್ಟು ವರ್ಷ, ಯಾವ ಎಲ್ಲೆಯೊಳಗೆ ಉಳಬಹುದು, ಯಾವಾಗ ಬಿಡಿಸಬಹುದು. ಔಷಧದ ಒಪ್ಪಂದದಲ್ಲೂ ಇಂಥವೇ ಐದು. ಮುಂಗಡ ಹಣ, ಪರೀಕ್ಷೆಯ ಒಂದೊಂದು ಹಂತ ದಾಟಿದಾಗ ಕೊಡುವ ಹಣ, ಮಾರಾಟದ ಮೇಲೆ ರಾಯಲ್ಟಿ, ಯಾವ ದೇಶಗಳಲ್ಲಿ ಮಾರಬಹುದೆಂಬ ಎಲ್ಲೆ, ಯಾರು ಹೇಗೆ ಬಿಟ್ಟುಹೋಗಬಹುದೆಂಬ ಷರತ್ತು. ಜಂಟಿ ಅಭಿವೃದ್ಧಿಯ ಒಪ್ಪಂದವಾದರೆ ಅದು ಗೇಣಿಯಲ್ಲ, ಕೋರುಪಾಲು: ಖರ್ಚೂ ಹಂಚಿಕೆ, ಫಸಲೂ ಹಂಚಿಕೆ. ಸಾಗರದ ಹತ್ತಿರದ ಕಾಗೋಡಿನಲ್ಲಿ 1951ರಲ್ಲಿ ಗೇಣಿದಾರರು ಎದ್ದು ನಿಂತದ್ದು ಕೊಳಗದ ಅಳತೆಯ ಪ್ರಶ್ನೆಯ ಮೇಲೆ. ಗೇಣಿ ಎಷ್ಟು ಕೊಳಗ ಎಂಬುದು ಬಾಯಿಮಾತು. ಕೊಳಗವೇ ಎಷ್ಟು ದೊಡ್ಡದು ಎಂಬಲ್ಲಿತ್ತು ನಿಜವಾದ ಜಗಳ. ಔಷಧದ ಒಪ್ಪಂದದಲ್ಲೂ ಶೇಕಡಾ ಎಷ್ಟು ಎಂಬುದಕ್ಕಿಂತ ‘ನಿವ್ವಳ ಮಾರಾಟ’ ಎಂದರೆ ಏನು, ಅದರಿಂದ ಯಾವ ಯಾವ ರಿಯಾಯಿತಿ ಕಳೆಯಬಹುದು ಎಂಬ ಪುಟಗಟ್ಟಲೆ ವ್ಯಾಖ್ಯೆಯೇ ಮುಖ್ಯ. ಅದು ಅವರ ಕೊಳಗ.

ಮಾತ್ರೆಯ ಲೈಸೆನ್ಸಿಗೂ ಎಳೆದುಕೊಳ್ಳುವ ಔಷಧದ ಲೈಸೆನ್ಸಿಗೂ ವ್ಯತ್ಯಾಸ ಯಾಕೆ ಬರುತ್ತದೆ ಎಂಬುದನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು. ಮಾತ್ರೆಯಲ್ಲಿ ಔಷಧದ ಅಣುವೇ ಯಜಮಾನ. ಅಣು ನಿಮ್ಮದಾದರೆ ಮಾತ್ರೆ ನಿಮ್ಮದು. ಶ್ವಾಸಕೋಶ ಹಾಗೆ ಬಿಟ್ಟುಕೊಡುವುದಿಲ್ಲ. ಧೂಳು ಒಳಗೆ ಹೋಗದಿರಲೆಂದೇ ಮೂಗು, ಗಂಟಲು, ಕವಲೊಡೆಯುವ ನಾಳಗಳು ರೂಪುಗೊಂಡಿವೆ. ಕಣ ಐದು ಮೈಕ್ರಾನಿಗಿಂತ ದೊಡ್ಡದಾದರೆ ಬಹುಪಾಲು ಗಂಟಲಲ್ಲೇ ಕೂರುತ್ತದೆ. ತೀರಾ ಸಣ್ಣದಾದರೆ ಉಸಿರಿನ ಜೊತೆ ಹೊರಗೆ ಬಂದುಬಿಡುತ್ತದೆ. ಒಂದರಿಂದ ಐದು ಮೈಕ್ರಾನ್ ಎಂಬುದು ಕೆಲಸದ ಅಳತೆ. ತಲೆಗೂದಲಿನ ದಪ್ಪ ಅದರ ಹತ್ತಾರು ಪಟ್ಟು. ಇಷ್ಟು ನುಣ್ಣನೆಯ ಪುಡಿ ಹಿಟ್ಟಿನಂತೆ ಒಂದಕ್ಕೊಂದು ಅಂಟಿಕೊಳ್ಳುತ್ತದೆ. ಅದಕ್ಕೇ ದಪ್ಪ ಕಣಗಳ ಲ್ಯಾಕ್ಟೋಸ್ ಸಕ್ಕರೆಯ ಮೇಲೆ ಅದನ್ನು ಕೂರಿಸುತ್ತಾರೆ. ರೋಗಿ ಎಳೆದಾಗ ಅದೇ ಉಸಿರಿನ ಬಲಕ್ಕೆ ಪುಡಿ ಸಕ್ಕರೆಯಿಂದ ಕಳಚಿ ಒಳಗೆ ಹೋಗಬೇಕು, ಸಕ್ಕರೆ ಗಂಟಲಲ್ಲಿ ನಿಲ್ಲಬೇಕು. ಕಳಚುವಿಕೆ ಉಪಕರಣದ ಒಳಗಿನ ಸಂದುಗಳ ಆಕಾರವನ್ನು ಅವಲಂಬಿಸಿದೆ, ಪುಡಿ ರುಬ್ಬಿದ ರೀತಿಯನ್ನು ಅವಲಂಬಿಸಿದೆ, ಗಾಳಿಯ ತೇವವನ್ನೂ ಅವಲಂಬಿಸಿದೆ. ಹೀಗೆ ಅಣು ಒಬ್ಬರದು, ಪುಡಿ ಮಾಡುವ ವಿದ್ಯೆ ಇನ್ನೊಬ್ಬರದು, ಉಪಕರಣ ಮತ್ತೊಬ್ಬರದು. ಮೂವರೂ ಕೂಡದೆ ಒಂದು ಪಫ್ ಕೂಡ ಹುಟ್ಟುವುದಿಲ್ಲ. ಎಳೆದುಕೊಳ್ಳುವ ಔಷಧದ ಲೋಕದಲ್ಲಿ ಪಾಲುಗಾರಿಕೆ ವ್ಯಾಪಾರದ ಜಾಣತನ ಮಾತ್ರವಲ್ಲ, ಭೌತವಿಜ್ಞಾನದ ಬಲವಂತ.

ಒತ್ತಿದರೆ ಅಳತೆಯಷ್ಟೇ ಮದ್ದು ಬರುವ ಮೊದಲ ಪಂಪು ಬಂದದ್ದು 1956ರಲ್ಲಿ, ಅಮೆರಿಕದ ರೈಕರ್ ಪ್ರಯೋಗಾಲಯದಿಂದ. ಆ ಕಂಪನಿಯ ಮುಖ್ಯಸ್ಥ ಜಾರ್ಜ್ ಮೇಸನ್ ಅವರ ಮಗಳಿಗೆ ಆಸ್ತಮಾ. ನನ್ನ ಮದ್ದು ಕೂದಲಿಗೆ ಹೊಡೆಯುವ ಸ್ಪ್ರೇಯಂತೆ ಯಾಕಿರಬಾರದು ಎಂದು ಆ ಹುಡುಗಿ ಕೇಳಿದಳು. ಸುಗಂಧದ ಶೀಶೆಗೆಂದು ಮಾಡಿದ ಕವಾಟವನ್ನು ತಂದು ಜೋಡಿಸಿದರು. ಆ ಮೊದಲ ಪಂಪಿನಲ್ಲೇ ಬೇರೆಯವರ ಬಿಡಿಭಾಗವಿತ್ತು.

ಈಗ ನಾನು ಹೇಳಹೊರಟ ಮುಖ್ಯ ಕಥೆ. ಎಳೆದುಕೊಳ್ಳುವ ಇನ್ಸುಲಿನ್.

ಸಕ್ಕರೆ ಕಾಯಿಲೆಯವರು ದಿನಕ್ಕೆ ಮೂರು ನಾಲ್ಕು ಸಲ ಚುಚ್ಚಿಕೊಳ್ಳುವ ಕಷ್ಟವನ್ನು ತಪ್ಪಿಸಬೇಕೆಂಬ ಆಸೆ ಬಹಳ ಹಳೆಯದು. 1990ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಜಾನ್ ಪ್ಯಾಟನ್ ಮತ್ತು ಸಂಗಡಿಗರು ಇನ್ಹೇಲ್ ಥೆರಪ್ಯೂಟಿಕ್ ಸಿಸ್ಟಮ್ಸ್ ಎಂಬ ಸಣ್ಣ ಕಂಪನಿ ಕಟ್ಟಿದರು; ಮುಂದೆ ಅದರ ಹೆಸರು ನೆಕ್ಟಾರ್ ಎಂದಾಯಿತು. ಇನ್ಸುಲಿನ್ನನ್ನು ಒಣ ಪುಡಿ ಮಾಡಿ ಶ್ವಾಸಕೋಶದ ಆಳಕ್ಕೆ ಕಳಿಸುವ ವಿದ್ಯೆ ಅವರದು. ದೊಡ್ಡ ಪರೀಕ್ಷೆಗಳಿಗೆ ಬೇಕಾದ ಹಣ ಅವರಲ್ಲಿರಲಿಲ್ಲ. 1995ರಲ್ಲಿ ಫೈಜರ್ ಎಂಬ ದೊಡ್ಡ ಔಷಧ ಕಂಪನಿಯ ಜೊತೆ ಒಪ್ಪಂದವಾಯಿತು. ಇನ್ಸುಲಿನ್ ತಯಾರಿಸುವ ಅನುಭವಕ್ಕಾಗಿ ಫೈಜರ್ 1998ರಲ್ಲಿ ಜರ್ಮನಿಯ ಹೋಕ್ಸ್ಟ್ ಮನೆತನದ ಕಂಪನಿಯ ಜೊತೆ ಸೇರಿತು. ಕಂಪನಿಗಳು ಒಂದನ್ನೊಂದು ನುಂಗುತ್ತ ಹೋಗಿ ಆ ಪಾಲು ಕೊನೆಗೆ ಸನೋಫಿ-ಅವೆಂಟಿಸ್ ಕೈಸೇರಿತು. 2006ರ ಜನವರಿಯಲ್ಲಿ ಫೈಜರ್ 130 ಕೋಟಿ ಡಾಲರ್ ಕೊಟ್ಟು ಆ ಪಾಲನ್ನು ಕೊಂಡಿತು. ಅದೇ ತಿಂಗಳ 27ರಂದು ಅಮೆರಿಕದ ಔಷಧ ಆಡಳಿತ ಒಪ್ಪಿಗೆ ನೀಡಿತು. ಔಷಧದ ಹೆಸರು ಎಕ್ಸುಬೆರಾ. ವರ್ಷಕ್ಕೆ 200 ಕೋಟಿ ಡಾಲರ್ ಮಾರಾಟದ ನಿರೀಕ್ಷೆಯಿತ್ತು.

2007ರ ಮೊದಲ ಒಂಬತ್ತು ತಿಂಗಳಲ್ಲಿ ಮಾರಾಟವಾದದ್ದು 1.2 ಕೋಟಿ ಡಾಲರಿನಷ್ಟು.

ಕಾರಣಗಳನ್ನು ನನ್ನ ವಿದ್ಯಾರ್ಥಿಗಳಿಗೆ ನಾನು ಪ್ರತಿ ವರ್ಷ ಪಾಠ ಮಾಡುತ್ತಿದ್ದೆ. ಉಪಕರಣವನ್ನು ಬಿಚ್ಚಿದರೆ ಒಂದಡಿ ಉದ್ದ; ಹೋಟೆಲಿನ ಮೇಜಿನ ಮುಂದೆ ಅದನ್ನು ಬಾಯಿಗಿಟ್ಟುಕೊಳ್ಳಲು ಯಾರಿಗೂ ಮನಸ್ಸು ಬರುವಂತಿರಲಿಲ್ಲ. ಜನ ಯೂನಿಟ್ ಲೆಕ್ಕದಲ್ಲಿ ಇನ್ಸುಲಿನ್ ಬಲ್ಲವರು. ಇಲ್ಲಿ ಪೊಟ್ಟಣಗಳು ಮಿಲಿಗ್ರಾಂ ಲೆಕ್ಕದಲ್ಲಿ ಬಂದವು. 1 ಮಿಲಿಗ್ರಾಂ ಪೊಟ್ಟಣ 3 ಯೂನಿಟ್ಟಿಗೆ ಸಮ, 3 ಮಿಲಿಗ್ರಾಂ ಪೊಟ್ಟಣ 8 ಯೂನಿಟ್ಟಿಗೆ ಸಮ. ಒಂದು ದೊಡ್ಡ ಪೊಟ್ಟಣದ ಬದಲು ಮೂರು ಸಣ್ಣವನ್ನು ಎಳೆದುಕೊಂಡರೆ ಇನ್ಸುಲಿನ್ ಹೆಚ್ಚಾಗುತ್ತಿತ್ತು, ಸಕ್ಕರೆ ಕುಸಿಯುವ ಅಪಾಯವಿತ್ತು. ಎಳೆದುಕೊಂಡದ್ದರಲ್ಲಿ ಹತ್ತನೆಯ ಒಂದರಷ್ಟು ಮಾತ್ರ ರಕ್ತಕ್ಕೆ ಸೇರುತ್ತಿದ್ದುದರಿಂದ ಚುಚ್ಚುಮದ್ದಿಗಿಂತ ಬಹಳ ಹೆಚ್ಚು ಇನ್ಸುಲಿನ್ ಸುರಿಯಬೇಕಿತ್ತು, ಬೆಲೆಯೂ ಏರಿತು. ಶುರು ಮಾಡುವ ಮೊದಲು ಶ್ವಾಸಕೋಶದ ಪರೀಕ್ಷೆ ಆಗಬೇಕಿತ್ತು. ಅಷ್ಟರಲ್ಲಿ ಚುಚ್ಚುವ ಪೆನ್ನುಗಳ ಸೂಜಿ ಕೂದಲೆಳೆಯಷ್ಟು ಸಣ್ಣಗಾಗಿತ್ತು.

2007ರ ಅಕ್ಟೋಬರ್ 18ರಂದು ಫೈಜರ್ ಕೈಬಿಟ್ಟಿತು. ಲೆಕ್ಕದ ಪುಸ್ತಕದಲ್ಲಿ 280 ಕೋಟಿ ಡಾಲರ್ ನಷ್ಟ ಬರೆಯಿತು. ನೆಕ್ಟಾರ್‌ಗೆ 13.5 ಕೋಟಿ ಡಾಲರ್ ಕೊಟ್ಟು ಲೆಕ್ಕ ಮುಗಿಸಿತು. ನೆಕ್ಟಾರ್ ಹೊಸ ಗೇಣಿದಾರನನ್ನು ಹುಡುಕುತ್ತಿತ್ತು. 2008ರ ಏಪ್ರಿಲ್‌ನಲ್ಲಿ ಇನ್ನೊಂದು ಸುದ್ದಿ ಬಂತು: ಪರೀಕ್ಷೆಗಳಲ್ಲಿ ಎಕ್ಸುಬೆರಾ ಪಡೆದ 4,740 ಮಂದಿಯಲ್ಲಿ 6 ಜನಕ್ಕೆ ಶ್ವಾಸಕೋಶದ ಕ್ಯಾನ್ಸರ್, ಬೇರೆ ಚಿಕಿತ್ಸೆ ಪಡೆದ 4,292 ಮಂದಿಯಲ್ಲಿ ಒಬ್ಬರಿಗೆ. ಕ್ಯಾನ್ಸರ್ ಬಂದವರೆಲ್ಲರೂ ಹಿಂದೆ ಸಿಗರೇಟು ಸೇದುತ್ತಿದ್ದವರು. ಅಷ್ಟು ಸಣ್ಣ ಸಂಖ್ಯೆಯಿಂದ ಔಷಧವೇ ಕಾರಣವೆಂದು ತೀರ್ಮಾನಿಸಲು ಬರುತ್ತಿರಲಿಲ್ಲ. ಆದರೆ ಹುಡುಕಾಟ ಅಲ್ಲಿಗೆ ನಿಂತಿತು. ಅದೇ ವರ್ಷದ ಜನವರಿಯಲ್ಲಿ ನೊವೊ ನಾರ್ಡಿಸ್ಕ್ ಕಂಪನಿ, ಮಾರ್ಚ್‌ನಲ್ಲಿ ಅಲ್ಕರ್ಮಿಸ್ ಜೊತೆಗಿದ್ದ ಎಲಿ ಲಿಲ್ಲಿ, ಇಬ್ಬರೂ ತಮ್ಮ ತಮ್ಮ ಎಳೆದುಕೊಳ್ಳುವ ಇನ್ಸುಲಿನ್ನನ್ನು ಬಿಟ್ಟಿದ್ದರು. ಆರು ತಿಂಗಳೊಳಗೆ ಮೂರು ಹೊಲ ಬೀಳುಬಿದ್ದವು.

ಆಲ್ಫ್ರೆಡ್ ಮ್ಯಾನ್ ಎಂಬ ಉದ್ಯಮಿಯೊಬ್ಬರು ಮಾತ್ರ ಬಿಡಲಿಲ್ಲ. ತಮ್ಮ ಸ್ವಂತ ಸಂಪತ್ತಿನ ದೊಡ್ಡ ಪಾಲನ್ನು ಮ್ಯಾನ್‌ಕೈಂಡ್ ಎಂಬ ತಮ್ಮ ಕಂಪನಿಗೆ ಸುರಿದರು. ಅವರ ಪುಡಿ ಬೇರೆ ತರಹದ್ದು. ಟೆಕ್ನೋಸ್ಫಿಯರ್ ಎಂದು ಅದರ ಹೆಸರು: ಹರಳಿನ ಸಣ್ಣ ಉಂಡೆಗಳು, ಅವುಗಳ ಮೈಗೆ ಇನ್ಸುಲಿನ್ ಅಂಟಿರುತ್ತದೆ, ಶ್ವಾಸಕೋಶದ ಒದ್ದೆ ತಾಗಿದೊಡನೆ ಕರಗಿಬಿಡುತ್ತದೆ. ಉಪಕರಣ ಮಕ್ಕಳ ಪೀಪಿಯಷ್ಟಿದೆ, ಅಂಗೈಯಲ್ಲಿ ಮುಚ್ಚಿಡಬಹುದು. ಎರಡು ಸಲ ಔಷಧ ಆಡಳಿತ ಅರ್ಜಿಯನ್ನು ಹಿಂದಕ್ಕೆ ಕಳಿಸಿತು. 2014ರ ಜೂನ್ 27ರಂದು ಒಪ್ಪಿಗೆ ಸಿಕ್ಕಿತು. ಹೆಸರು ಅಫ್ರೆಜ್ಜಾ. ಆಗಸ್ಟ್‌ನಲ್ಲಿ ಸನೋಫಿ ಜೊತೆ ಒಪ್ಪಂದ: ಮುಂಗಡ 15 ಕೋಟಿ ಡಾಲರ್, ಹಂತ ದಾಟಿದರೆ 77.5 ಕೋಟಿಯವರೆಗೆ, ಲಾಭ ನಷ್ಟದಲ್ಲಿ ಸನೋಫಿಗೆ 65 ಪಾಲು, ಮ್ಯಾನ್‌ಕೈಂಡ್‌ಗೆ 35. ಮ್ಯಾನ್‌ಕೈಂಡ್ ತನ್ನ ಪಾಲಿನ ಖರ್ಚಿಗಾಗಿ ಸನೋಫಿಯಿಂದಲೇ 17.5 ಕೋಟಿ ಡಾಲರ್‌ವರೆಗೆ ಸಾಲ ತೆಗೆಯಬಹುದಿತ್ತು. ಕೋರುಪಾಲಿಗೆ ಬಿತ್ತನೆಯ ಸಾಲ ಕೊಟ್ಟಂತೆ. ಬೆಳೆ ಬಾರದಿದ್ದರೂ ಸಾಲ ಉಳಿಯುತ್ತದೆ. ಮಾರುಕಟ್ಟೆಗೆ ಬಂದು ವರ್ಷವೂ ತುಂಬದ ಹಾಗೆ, 2016ರ ಜನವರಿಯಲ್ಲಿ, ಸನೋಫಿ ಹೊರನಡೆಯುವುದಾಗಿ ತಿಳಿಸಿತು. ಮುಂದಿನ ತಿಂಗಳು, ತೊಂಬತ್ತು ದಾಟಿದ್ದ ಆಲ್ಫ್ರೆಡ್ ಮ್ಯಾನ್ ತೀರಿಕೊಂಡರು.

ಎಕ್ಸುಬೆರಾ ಸತ್ತಿತು, ಅಫ್ರೆಜ್ಜಾ ಉಳಿಯಿತು. ಯಾಕೆ? ಔಷಧ ಚೆನ್ನಾಗಿತ್ತು ಎಂಬುದು ಅರ್ಧ ಉತ್ತರ. ಇನ್ನರ್ಧ ಚೀಟಿಯಲ್ಲಿದೆ. ಎಕ್ಸುಬೆರಾದ ಇನ್ಸುಲಿನ್ ಒಂದೆಡೆ, ಪುಡಿ ಇನ್ನೊಂದೆಡೆ, ಮಾರುವ ಬಲ ಮತ್ತೊಂದೆಡೆ ಹಂಚಿಹೋಗಿತ್ತು. ದೊಡ್ಡ ಪಾಲುಗಾರ ಎದ್ದುಹೋದಾಗ ಚಿಕ್ಕವನ ಕೈಯಲ್ಲಿ ಇಡಿಯಾದದ್ದು ಏನೂ ಇರಲಿಲ್ಲ. ಮ್ಯಾನ್‌ಕೈಂಡ್ ತನ್ನ ಕಾರ್ಖಾನೆಯನ್ನು, ಪುಡಿಯ ವಿದ್ಯೆಯನ್ನು, ಉಪಕರಣವನ್ನು ಕನೆಕ್ಟಿಕಟ್‌ನ ಡ್ಯಾನ್‌ಬರಿಯ ಒಂದೇ ಸೂರಿನಡಿ ಇಟ್ಟುಕೊಂಡಿತ್ತು. ಮಾರುವ ಹಕ್ಕು ಮರಳಿದಾಗ ಅದು ಬರಿಯ ಕಾಗದವಾಗಿರಲಿಲ್ಲ, ಕೆಲಸಕ್ಕೆ ಬರುವಂತೆ ಮರಳಿತು. ಎರಡು ವರ್ಷದ ನಂತರ, 2018ರಲ್ಲಿ, ಯುನೈಟೆಡ್ ಥೆರಪ್ಯೂಟಿಕ್ಸ್ ಕಂಪನಿ 4.5 ಕೋಟಿ ಡಾಲರ್ ಮುಂಗಡ ಕೊಟ್ಟು ಅದೇ ಪುಡಿ ವಿದ್ಯೆಯನ್ನು ಬೇರೊಂದು ಔಷಧಕ್ಕೆ ಲೈಸೆನ್ಸ್ ಪಡೆಯಿತು. ಮಾರ್ಟಿನ್ ರಾತ್‌ಬ್ಲಾಟ್ ಎಂಬವರು ತಮ್ಮ ಮಗಳಿಗಿದ್ದ ಶ್ವಾಸಕೋಶದ ರಕ್ತದೊತ್ತಡದ ಕಾಯಿಲೆಗೆ ಮದ್ದು ಹುಡುಕುತ್ತ 1996ರಲ್ಲಿ ಕಟ್ಟಿದ ಕಂಪನಿ ಅದು. ಟ್ರೆಪ್ರೊಸ್ಟಿನಿಲ್ ಎಂಬ ಆ ಔಷಧವನ್ನು ಅದುವರೆಗೆ ದಿನಕ್ಕೆ ನಾಲ್ಕು ಸಲ ನೆಬ್ಯುಲೈಸರ್ ಹಚ್ಚಿಕೊಂಡು ಎಳೆಯಬೇಕಿತ್ತು. 2022ರ ಮೇ ತಿಂಗಳಲ್ಲಿ ಪುಡಿಯ ರೂಪಕ್ಕೆ ಒಪ್ಪಿಗೆ ಸಿಕ್ಕಿತು. ಇನ್ಸುಲಿನ್ನಿಗೆಂದು ಹದ ಮಾಡಿದ ಹೊಲದಲ್ಲಿ ಇನ್ನೊಂದು ಬೆಳೆ ಬಂತು. ಮೊದಲ ಬೆಳೆಗಿಂತ ಚೆನ್ನಾಗಿಯೇ ಬಂತು.

ತಯಾರಿಕೆಯನ್ನು ತಮ್ಮ ಕೈಯಲ್ಲೇ ಇಟ್ಟುಕೊಂಡವರು ಉಳಿಯುತ್ತಾರೆ ಎಂಬ ಮಾತಿಗೆ ನಮ್ಮ ಬೆಂಗಳೂರಿನಲ್ಲೇ ಸಾಕ್ಷಿ ಇದೆ. ಎಕ್ಸುಬೆರಾ ಬಿಟ್ಟು ಮೂರು ವರ್ಷಕ್ಕೆ, 2010ರ ಅಕ್ಟೋಬರ್‌ನಲ್ಲಿ, ಅದೇ ಫೈಜರ್ ಬಯೋಕಾನ್ ಜೊತೆ ಒಪ್ಪಂದ ಮಾಡಿಕೊಂಡಿತು. ಎಳೆದುಕೊಳ್ಳುವುದಲ್ಲ, ಚುಚ್ಚುವ ಇನ್ಸುಲಿನ್ನುಗಳನ್ನು ಲೋಕಕ್ಕೆಲ್ಲ ಮಾರುವ ಹಕ್ಕು; ಮುಂಗಡವೇ 20 ಕೋಟಿ ಡಾಲರ್. ಪತ್ರಿಕೆಗಳ ಮುಖಪುಟ ಅವತ್ತು ನಿಮಗೆ ನೆನಪಿರಬಹುದು. 2012ರ ಮಾರ್ಚ್‌ನಲ್ಲಿ ಅದು ಮುರಿದುಬಿತ್ತು. ಮಾರುವ ಹಕ್ಕುಗಳೆಲ್ಲ ಬಯೋಕಾನ್‌ಗೇ ಮರಳಿದವು, ತಯಾರಿಕೆ ಎಂದೂ ಅದರ ಕೈ ಬಿಟ್ಟಿರಲಿಲ್ಲ. 2013ರಲ್ಲಿ ಮೈಲಾನ್ ಎಂಬ ಕಂಪನಿಯ ಜೊತೆ ಹೊಸ ಚೀಟಿ ಬರೆಯಲು ಸಾಧ್ಯವಾದದ್ದು ಅದರಿಂದ. ಆ ಪಾಲುಗಾರಿಕೆಯ ಗ್ಲಾರ್ಜಿನ್ ಇನ್ಸುಲಿನ್ 2021ರಲ್ಲಿ ಅಮೆರಿಕದ ಔಷಧದಂಗಡಿಗಳಲ್ಲಿ ಮೂಲ ಔಷಧಕ್ಕೆ ಬದಲಾಗಿ ಕೊಡಬಹುದಾದ ಮೊದಲ ಇನ್ಸುಲಿನ್ ಎನಿಸಿತು. ಒಡೆದುಹೋದ ಪಾಲುಗಾರಿಕೆ ಸೋಲಾಗಬೇಕಿಲ್ಲ; ಒಡೆಯುವಾಗ ಏನು ಯಾರ ಕೈಯಲ್ಲಿ ಉಳಿಯುತ್ತದೆ ಎಂಬುದನ್ನು ಮೊದಲೇ ಬರೆದಿಟ್ಟವರು ಉಳಿಯುತ್ತಾರೆ.

ಗೇಣಿ ಎಂದೆ. ಗೇಣಿಯನ್ನೇ ಮಾರಾಟಕ್ಕಿಟ್ಟ ಕಥೆಯನ್ನೂ ಹೇಳಬೇಕು. 2002ರಲ್ಲಿ ಜಿಎಸ್‌ಕೆ ಮತ್ತು ಥೆರವಾನ್ಸ್ ಎಂಬ ಎರಡು ಕಂಪನಿಗಳು ದಿನಕ್ಕೊಮ್ಮೆ ಸಾಕಾಗುವ ಉಸಿರುನಾಳ ಸಡಿಲಿಸುವ ಔಷಧ ಹುಡುಕಲು ಕೂಡಿಕೊಂಡವು. ಇಬ್ಬರೂ ತಂತಮ್ಮ ಅಣುಗಳನ್ನು ಒಂದೇ ಪಾತ್ರೆಗೆ ಹಾಕಿದರು. ಯಾರದ್ದು ಗೆದ್ದರೂ ಇಬ್ಬರಿಗೂ ಪಾಲು. ಗೆದ್ದದ್ದು ಜಿಎಸ್‌ಕೆಯ ವಿಲಾಂಟೆರಾಲ್. ಒಪ್ಪಂದದಂತೆ, ಆ ಅಣುವಿರುವ ಬ್ರಿಯೊ ಎಂಬ ಔಷಧದ ವಾರ್ಷಿಕ ಮಾರಾಟದ ಮೊದಲ 300 ಕೋಟಿ ಡಾಲರ್‌ವರೆಗೆ ಶೇ. 15, ಅದರಾಚೆಗೆ ಶೇ. 5 ರಾಯಲ್ಟಿ ಥೆರವಾನ್ಸ್ ಕಡೆಗೆ. 2014ರಲ್ಲಿ ಥೆರವಾನ್ಸ್ ಎರಡಾಗಿ ಒಡೆಯಿತು: ಸಂಶೋಧನೆ ಮಾಡುವ ಮನೆ ಬೇರೆ, ಈ ರಾಯಲ್ಟಿ ಎಣಿಸುವ ಮನೆ ಬೇರೆ. 2022ರಲ್ಲಿ, ಅದೇ ಕೂಟದ ಟ್ರೆಲೆಜಿ ಎಂಬ ಮೂರು ಔಷಧಗಳ ಇನ್ಹೇಲರಿನ ರಾಯಲ್ಟಿ ಪಾಲನ್ನು ಆ ಎರಡೂ ಮನೆಯವರು ಕೂಡಿ ರಾಯಲ್ಟಿ ಫಾರ್ಮಾ ಎಂಬ ಹಣಕಾಸು ಕಂಪನಿಗೆ ಮಾರಿದರು; ಕೂಡಲೆ ಸಿಕ್ಕ ಹಣ 131 ಕೋಟಿ ಡಾಲರ್. ಸಂಶೋಧನೆಗೆ ಹಣ ಬರುವುದು ಹೀಗೇ ಎಂಬುದನ್ನು ನಾನು ಬಲ್ಲೆ. ಅದು ತಪ್ಪೆಂದು ಹೇಳಲಾರೆ. ಆದರೆ ಒಂದೊಂದು ಪಫ್‌ನ ಮೇಲೂ ಇಷ್ಟು ಜನ ಕೂತಿದ್ದಾರೆ ಎಂಬುದು ಎಳೆದುಕೊಳ್ಳುವವರಿಗೆ ಗೊತ್ತಿರಬೇಕು.

ಇದಕ್ಕಿಂತ ನನ್ನನ್ನು ಕಲಕಿದ್ದು ವೆಕ್ಟುರಾದ ಕಥೆ. 1997ರಲ್ಲಿ ಇಂಗ್ಲೆಂಡಿನ ಬಾತ್ ವಿಶ್ವವಿದ್ಯಾಲಯದಿಂದ ಕವಲೊಡೆದ ಕಂಪನಿ ಅದು. ಪುಡಿಯ ವಿದ್ಯೆಯಲ್ಲಿ ನಿಪುಣರು. ಅವರು ಮತ್ತು ಅರಾಕಿಸ್ ಎಂಬ ಇನ್ನೊಂದು ಸಣ್ಣ ಕಂಪನಿ ಕೂಡಿ ರೂಪಿಸಿದ ಗ್ಲೈಕೊಪೈರೋನಿಯಂ ಪುಡಿಯನ್ನು 2005ರಲ್ಲಿ ನೊವಾರ್ಟಿಸ್ ಲೈಸೆನ್ಸ್ ಪಡೆಯಿತು. ಹೊಗೆಯಿಂದ ಶ್ವಾಸಕೋಶ ಕೆಟ್ಟವರಿಗೆ ಇವತ್ತು ಅದು ಆಸರೆ. ಮಾತ್ರೆ ಮಾಡುವವರೆಲ್ಲ ಬಳಸುವ ಮೆಗ್ನೀಷಿಯಂ ಸ್ಟಿಯರೇಟನ್ನು ಒಣಪುಡಿಗೆ ಬೆರೆಸುವ ಅವರ ಪೇಟೆಂಟಿಗಾಗಿ ಜಿಎಸ್‌ಕೆ ಮೇಲೆ ದಾವೆ ಹೂಡಿ 2019ರಲ್ಲಿ 8.97 ಕೋಟಿ ಡಾಲರ್ ಪರಿಹಾರದ ತೀರ್ಪು ಪಡೆದವರೂ ಅವರೇ. ಇಂಥ ಕಂಪನಿಯನ್ನು 2021ರಲ್ಲಿ ಸುಮಾರು 110 ಕೋಟಿ ಪೌಂಡ್ ಕೊಟ್ಟು ಕೊಂಡವರು ಯಾರು? ಮಾರ್ಲ್‌ಬರೋ ಸಿಗರೇಟಿನ ಫಿಲಿಪ್ ಮಾರಿಸ್ ಇಂಟರ್‌ನ್ಯಾಷನಲ್. ಶ್ವಾಸಕೋಶದ ವೈದ್ಯರ ಸಂಘಟನೆಗಳು ಪ್ರತಿಭಟಿಸಿದವು, ಶೇರುದಾರರಿಗೆ ಮನವಿ ಮಾಡಿದವು. ಶೇರುದಾರರು ಹೆಚ್ಚು ಬೆಲೆಗೆ ಮಾರಿದರು. ಹೊಗೆ ಮಾರಿ ಕಾಯಿಲೆ ಕೊಟ್ಟವರೇ ಆ ಕಾಯಿಲೆಯ ಮದ್ದಿನ ಮೇಲೂ ಗೇಣಿ ಎತ್ತುವಂತಾಯಿತು. ಮೂರು ವರ್ಷದಲ್ಲಿ ಅವರಿಗೂ ಅದು ಸಾಕಾಯಿತು. 2024ರಲ್ಲಿ 15 ಕೋಟಿ ಪೌಂಡ್ ಮುಂಗಡಕ್ಕೆ, ಉಳಿದದ್ದು ಮುಂದೆ ನೋಡೋಣವೆಂಬ ಷರತ್ತಿನ ಮೇಲೆ, ವೆಕ್ಟುರಾವನ್ನು ಮಾರಿಬಿಟ್ಟರು. ವಿಶ್ವವಿದ್ಯಾಲಯದಲ್ಲಿ ಹುಟ್ಟಿದ ವಿದ್ಯೆ ಕೈಬದಲಾಗುವಾಗ ಯಾರ ಕೈಗೆ ಹೋಗಬಾರದು ಎಂಬ ಒಂದು ಸಾಲು ಮೂಲದ ಕಾಗದದಲ್ಲೇ ಇರಬೇಕು. ಇದನ್ನು ನಾನು ಯಾವ ಸಂಕೋಚವೂ ಇಲ್ಲದೆ ಹೇಳುತ್ತೇನೆ.

ಇನ್ನು ಬೆಲೆಯ ಮಾತು. ಓಜೋನ್ ಪದರ ಉಳಿಸಲು ಪಂಪಿನೊಳಗಿನ ಸಿಎಫ್‌ಸಿ ಅನಿಲವನ್ನು ಬಿಡಬೇಕಾಯಿತು, ಸರಿಯಾದ ತೀರ್ಮಾನ. ಹೊಸ ಅನಿಲಕ್ಕೆ ಹೊಂದುವ ಕವಾಟ, ಹೊಸ ಮಿಶ್ರಣ, ಎಲ್ಲಕ್ಕೂ ಹೊಸ ಪೇಟೆಂಟು. 2008ರ ಕೊನೆಗೆ ಅಮೆರಿಕದಲ್ಲಿ ಹಳೆಯ ಸಾಲ್‌ಬ್ಯುಟಮಾಲ್ ಪಂಪಿನ ಮಾರಾಟ ನಿಂತಿತು. 1969ರಿಂದ ಲೋಕ ಬಳಸುತ್ತಿದ್ದ ಔಷಧದ ಅಗ್ಗದ ಪಂಪುಗಳು ಮಾಯವಾಗಿ, ಕಂಪನಿ ಹೆಸರಿನ ದುಬಾರಿ ಪಂಪುಗಳಷ್ಟೇ ಉಳಿದವು. ಆಡ್ವೇರ್ ಎಂಬ ಪ್ರಸಿದ್ಧ ಪುಡಿಯ ಔಷಧಕ್ಕಿದ್ದ ಪೇಟೆಂಟ್ ಅಲ್ಲಿ 2010ರಲ್ಲೇ ಮುಗಿದಿತ್ತು. ಅದಕ್ಕೆ ಬದಲಾಗಿ ಕೊಡಬಹುದಾದ ಮೊದಲ ಜೆನೆರಿಕ್ ಬಂದದ್ದು 2019ರ ಜನವರಿಯಲ್ಲಿ. ನಡುವಿನ ವರ್ಷಗಳು ಉಪಕರಣದ ಪೇಟೆಂಟಿಗೂ ಅದಕ್ಕೆ ಸಮನಾದ ಉಪಕರಣ ಕಟ್ಟುವ ಕಷ್ಟಕ್ಕೂ ಹೋದವು. 2024ರ ಡಿಸೆಂಬರ್‌ನಲ್ಲಿ ಟೇವಾ ಮತ್ತು ಆಮ್ನೀಲ್ ಎಂಬ ಔಷಧ ಕಂಪನಿಗಳ ನಡುವಿನ ಮೊಕದ್ದಮೆಯಲ್ಲಿ ಅಮೆರಿಕದ ಫೆಡರಲ್ ಮೇಲ್ಮನವಿ ನ್ಯಾಯಾಲಯ ಸ್ಪಷ್ಟ ಮಾತು ಹೇಳಿತು: ಔಷಧದ ಅಣುವನ್ನು ತನ್ನದೆಂದು ಹೇಳದ, ಬರಿಯ ಉಪಕರಣದ ಪೇಟೆಂಟುಗಳನ್ನು ಔಷಧದ ಪೇಟೆಂಟ್ ಪಟ್ಟಿಯಲ್ಲಿ ಸೇರಿಸಿ ಜೆನೆರಿಕ್ ತಡೆಯುವಂತಿಲ್ಲ. ತಡವಾಗಿ ಬಂದರೂ ನ್ಯಾಯವಾದ ಮಾತು.

ನಮ್ಮ ದೇಶದ ದಾರಿ ಬೇರೆಯಾಗಿತ್ತು. 1970ರ ಪೇಟೆಂಟ್ ಕಾಯಿದೆ ಔಷಧದ ತಯಾರಿಕೆಯ ವಿಧಾನಕ್ಕೆ ಮಾತ್ರ ಪೇಟೆಂಟ್ ಕೊಟ್ಟಿತು, ಔಷಧಕ್ಕೆ ಕೊಡಲಿಲ್ಲ. 2005ರ ಜನವರಿ 1ರವರೆಗೆ ಅದೇ ಸ್ಥಿತಿ. ಆ ಅವಧಿಯಲ್ಲಿ ನಮ್ಮ ಕಂಪನಿಗಳು ಪಂಪು, ಪುಡಿ ತುಂಬಿದ ರೋಟಾಕ್ಯಾಪ್ ಮಾಡಲು ಕಲಿತವು. ನನ್ನ ಅಮ್ಮ ಎಳೆದುಕೊಂಡ ಪಂಪು ಕೈಗೆಟುಕಿದ್ದು ಈ ಕಾಯಿದೆಯ ಪುಣ್ಯ. ಈಗ ಸಾಲ್‌ಬ್ಯುಟಮಾಲ್, ಟಯೋಟ್ರೋಪಿಯಂ, ಉಸಿರುನಾಳದ ಊತ ಇಳಿಸುವ ಬ್ಯುಡೆಸೊನೈಡ್ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿವೆ, ಬೆಲೆಗೆ ಮಿತಿಯಿದೆ. ಆದರೂ ನಮ್ಮಲ್ಲಿ ಅಂದಾಜು 3.4 ಕೋಟಿ ಆಸ್ತಮಾ ರೋಗಿಗಳಿದ್ದಾರೆ, ಜಗತ್ತಿನ ಆಸ್ತಮಾ ಸಾವುಗಳಲ್ಲಿ ನಮ್ಮ ಪಾಲು ಶೇ. 40ಕ್ಕೂ ಹೆಚ್ಚು. ಪಂಪು ಇದ್ದೂ ಕೈಗೆ ಸೇರದಿರುವ ಸಾವುಗಳು ಇವು.

ಹೊಸ ಔಷಧಗಳ ಮಟ್ಟಿಗೆ ನಾವು ಮತ್ತೆ ಚೀಟಿಯ ಎಲ್ಲೆಯೊಳಗಿದ್ದೇವೆ. ಅಫ್ರೆಜ್ಜಾವನ್ನು ಭಾರತದಲ್ಲಿ ಮಾರಲು ನಮ್ಮ ದೇಶದ ಸಿಪ್ಲಾ ಕಂಪನಿ 2018ರ ಮೇ ತಿಂಗಳಲ್ಲಿ ಮ್ಯಾನ್‌ಕೈಂಡ್ ಜೊತೆ ಒಪ್ಪಂದ ಮಾಡಿಕೊಂಡಿತು. ಮುಂಗಡ 22 ಲಕ್ಷ ಡಾಲರ್. ತಯಾರಿಸಿ ಕಳಿಸುವವರು ಅವರು, ಪರವಾನಗಿ ಪಡೆದು ಮಾರುವವರು ಇವರು. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಒಪ್ಪಿಗೆ ಸಿಕ್ಕಿದ್ದು 2024ರ ಡಿಸೆಂಬರ್‌ನಲ್ಲಿ. ಆರೂವರೆ ವರ್ಷ. ಸನೋಫಿ ಮುಂಗಡದ ಪಕ್ಕ 22 ಲಕ್ಷ ಡಾಲರನ್ನು ಇಟ್ಟು ನೋಡಿ, ಚೀಟಿಯ ಲೆಕ್ಕದಲ್ಲಿ ನಮ್ಮ ಹೊಲದ ತೂಕ ಎಷ್ಟೆಂದು ತಿಳಿಯುತ್ತದೆ. ಇಲ್ಲಿ ಒಂದು ಎಚ್ಚರಿಕೆ ಹೇಳದೆ ಮುಂದೆ ಹೋಗಲಾರೆ: ಆಸ್ತಮಾ ಇರುವವರು, ಬೀಡಿ ಸಿಗರೇಟಿನಿಂದ ಶ್ವಾಸಕೋಶ ಕೆಟ್ಟವರು ಎಳೆದುಕೊಳ್ಳುವ ಇನ್ಸುಲಿನ್ ಬಳಸುವಂತಿಲ್ಲ, ಉಸಿರುನಾಳ ಬಿಗಿದುಕೊಳ್ಳುತ್ತದೆ.

ಗೇಣಿಯಿಲ್ಲದ ಪಾಲುಗಾರಿಕೆಯೂ ಸಾಧ್ಯ ಎಂಬುದಕ್ಕೆ ಪುಣೆ ಜಿಲ್ಲೆಯ ಹಳ್ಳಿಗಳನ್ನು ನೆನೆಯುತ್ತೇನೆ. ವಿಶ್ವ ಆರೋಗ್ಯ ಸಂಸ್ಥೆ, ಸೀರಮ್ ಇನ್‌ಸ್ಟಿಟ್ಯೂಟ್ ಮೊದಲಾದವರು ಕೂಡಿ ದಡಾರದ ಲಸಿಕೆಯನ್ನು ಚುಚ್ಚದೆ ಉಸಿರಿನಲ್ಲಿ ಕೊಡುವ ಪ್ರಯೋಗವನ್ನು 2,004 ಶಿಶುಗಳ ಮೇಲೆ ನಡೆಸಿದರು. 2015ರಲ್ಲಿ ಫಲಿತಾಂಶ ಪ್ರಕಟವಾಯಿತು: ಉಸಿರಿನ ಲಸಿಕೆಯಿಂದ ಶೇ. 85.4 ಮಕ್ಕಳಲ್ಲಿ ರಕ್ಷಣೆ ಮೂಡಿತು, ಚುಚ್ಚುಮದ್ದಿನಿಂದ ಶೇ. 94.6. ಅಂದರೆ ಸಾಕಾಗಲಿಲ್ಲ. ಆದರೆ ಸೋಲಿನ ಅಂಕಿಗಳೂ ಎಲ್ಲರ ಮುಂದಿವೆ. ಮುಂದೆ ಬರುವವರು ಸೊನ್ನೆಯಿಂದ ಶುರು ಮಾಡಬೇಕಿಲ್ಲ. ಕಂಪನಿಗಳು ಬಿಟ್ಟುಹೋದ ಹೊಲಗಳಲ್ಲಿ ಎಷ್ಟು ತಿಳಿವಳಿಕೆ ಬೀಗದೊಳಗೆ ಉಳಿದಿದೆಯೋ ಎಂಬ ಸಂಕಟ ನನ್ನಂಥ ಮೇಷ್ಟ್ರಿಗೆ ಯಾವಾಗಲೂ ಇರುತ್ತದೆ.

ಭೂಮಿಯ ಗೇಣಿಯಲ್ಲಿ ಇಬ್ಬರಿದ್ದರು, ಒಡೆಯ ಮತ್ತು ಉಳುವವನು. ಔಷಧದ ಚೀಟಿಯಲ್ಲಿ ಸಹಿ ಹಾಕದ ಮೂರನೆಯವನಿದ್ದಾನೆ. ಅವನು ಉಸಿರಾಡುವವನು. ಸಾರ್ವಜನಿಕ ಹಣದಲ್ಲಿ ನಡೆಯುವ ನಮ್ಮ ವಿಶ್ವವಿದ್ಯಾಲಯಗಳು, ಸಂಶೋಧನಾ ಕೇಂದ್ರಗಳು ಪುಡಿಯ ವಿದ್ಯೆಯನ್ನೋ ಉಪಕರಣವನ್ನೋ ಕಂಪನಿಗೆ ಕೊಡುವಾಗ ಅವನ ಪರವಾಗಿ ಬರೆಯಬೇಕು. ಇಂತಿಷ್ಟು ವರ್ಷದಲ್ಲಿ ಮಾರುಕಟ್ಟೆಗೆ ತಾರದಿದ್ದರೆ ಹಕ್ಕು ಮರಳಬೇಕು. ಹಕ್ಕಿನ ಜೊತೆ ಪರೀಕ್ಷೆಯ ದತ್ತಾಂಶವೂ, ಉಪಕರಣದ ಅಚ್ಚೂ, ಪುಡಿ ಮಾಡುವ ವಿಧಾನದ ಪುಸ್ತಕವೂ ಮರಳಬೇಕು. ಸರ್ಕಾರಿ ಆಸ್ಪತ್ರೆಗೆ ಕೊಡುವ ಬೆಲೆ ಚೀಟಿಯಲ್ಲೇ ಇರಬೇಕು. ತಂಬಾಕಿನವರ ಕೈಗೆ ಹೋಗಬಾರದು. ಚೀಟಿ, ಬೆಲೆಯ ಗುಟ್ಟಿನ ಪುಟ ಬಿಟ್ಟು, ಓದಲು ಸಿಗಬೇಕು. ಇಲ್ಲಿರುವ ಫಾರ್ಮಸಿ ವಿದ್ಯಾರ್ಥಿಗಳು ಕಾನೂನು ಕಾಲೇಜಿನ ಗೆಳೆಯರ ಜೊತೆ ಕೂತು ಇಂಥ ಒಂದು ಒಪ್ಪಂದವನ್ನು ಮೊದಲ ಸಾಲಿಂದ ಕೊನೆಯ ಸಾಲಿನವರೆಗೆ ಓದಿ. ಅಮೆರಿಕದ ಶೇರುಪೇಟೆಯ ನಿಯಂತ್ರಕರ ಬಳಿ ಕಂಪನಿಗಳು ಸಲ್ಲಿಸಿದ ಇಂಥ ಎಷ್ಟೋ ಒಪ್ಪಂದಗಳು ಯಾರು ಬೇಕಾದರೂ ನೋಡುವಂತಿವೆ. ಅದರಲ್ಲಿ ಮೊದಲು ಕೊಳಗ ಎಲ್ಲಿದೆ ಹುಡುಕಿ.

ಉಳಿದವರಲ್ಲಿ ನನ್ನದೊಂದು ಕೋರಿಕೆ. ಈ ವಾರ ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋಗಿ, ಸಾಲ್‌ಬ್ಯುಟಮಾಲ್ ಪಂಪು ಮತ್ತು ಬ್ಯುಡೆಸೊನೈಡ್ ಪಂಪು ಇವತ್ತು ದಾಸ್ತಾನಿನಲ್ಲಿವೆಯೇ ಎಂದು ಕೇಳಿ. ಇಲ್ಲವೆಂದರೆ ಜಿಲ್ಲಾ ಆರೋಗ್ಯಾಧಿಕಾರಿಗೆ ಒಂದು ಪತ್ರ ಬರೆಯಿರಿ, ಅದರ ಪ್ರತಿಯನ್ನು ಇಟ್ಟುಕೊಳ್ಳಿ, ಉತ್ತರ ಬರುವವರೆಗೆ ಬಿಡಬೇಡಿ.